ಈ ಮಗು ಯಾರದು

ಮಾನ್ಯಾಳಿಗೆ ಕಾರು ಓಡಿಸಲು ಚೆನ್ನಾಗಿಯೇ ಬರುತ್ತಿತ್ತು. ಹೆದ್ದಾರಿ ಹತ್ತುವುದು ಮಾತ್ರ ಆಗುತ್ತಿರಲಿಲ್ಲ. ಡಾಲಸ್ ಪಕ್ಕದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಿಂದ ಫಾರ್ಮರ್ಸ್ ಬ್ರಾಂಚ್‌ನ ಕ್ಲಿನಿಕ್ಕಿಗೆ ಉಳಿದವರೆಲ್ಲ ಹೆದ್ದಾರಿ ಹಿಡಿದು ಹೋದರೆ, ಅವಳು ಶಾಲೆಗಳ ಮುಂದೆ, ಚರ್ಚುಗಳ ಹಿಂದೆ, ಹುಲ್ಲು ಕತ್ತರಿಸುವ ಯಂತ್ರಗಳ ಗುಂಯ್‌ಗುಟ್ಟುವಿಕೆಯ ನಡುವೆ ಒಳದಾರಿಗಳಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು. ಯಾರಾದರೂ ಕೇಳಿದರೆ, ಈ ದಾರಿಯಲ್ಲಿ ಮರಗಳಿವೆ, ಅದಕ್ಕೆ ಇಷ್ಟ ಎನ್ನುತ್ತಿದ್ದಳು.

ಅವಳ ಕೆಲಸ ಕಿವಿಯ ಪರೀಕ್ಷೆ. ಸದ್ದು ನುಸುಳದ ಸಣ್ಣ ಕೋಣೆಯಲ್ಲಿ ಮುದುಕರನ್ನು ಕೂರಿಸಿ, ಗಾಜಿನ ಆಚೆಯಿಂದ ಒಂದೊಂದೇ ಸ್ವರ ಕಳಿಸುವುದು, ಕೇಳಿಸಿದಾಗ ಅವರು ಬೆರಳೆತ್ತುವುದು. ಕಿವಿ ಅವಳಿಗೆ ಅಪ್ಪನಿಂದ ಬಂದಿತ್ತು. ಅಪ್ಪ ಲಾಯ್ಡ್ ಬ್ರೂಸಾರ್ ಹ್ಯೂಸ್ಟನ್‌ನಲ್ಲಿ ಪಿಯಾನೊಗಳಿಗೆ ಶ್ರುತಿ ಮಾಡುವವನು. ಆಫ್ರಿಕಾ, ಫ್ರಾನ್ಸ್ ಮತ್ತು ಆ ನೆಲದ ಮೂಲನಿವಾಸಿಗಳ ರಕ್ತ ತಲೆಮಾರುಗಳಿಂದ ಬೆರೆತು ಬಂದ ಕಪ್ಪು ಜನರ ಮನೆತನ ಅವನದು. ಅವರು ಲೂಸಿಯಾನಾದಿಂದ ಬಂದು ಹ್ಯೂಸ್ಟನ್‌ನಲ್ಲಿ ನೆಲೆಸಿದ್ದರು. ಅಮ್ಮ ಭಾನುಮತಿ ಧಾರವಾಡದವಳು. ಭೂವಿಜ್ಞಾನ ಓದಲು ಬಂದವಳು, ಅದೇ ಊರಿನ ಎನರ್ಜಿ ಕಾರಿಡಾರ್ ಎಂಬ ಭಾಗದ ಒಂದು ತೈಲ ಕಂಪನಿಯಲ್ಲಿ ನೆಲದಡಿಯ ಬಂಡೆಗಳ ನಕ್ಷೆ ನೋಡುತ್ತ ನೋಡುತ್ತ ನಿವೃತ್ತಳಾಗಿದ್ದಳು. ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಪಿಯಾನೊ ಸರಿಮಾಡುತ್ತಿದ್ದ ಲಾಯ್ಡ್, ಅಲ್ಲೇ ಓದುತ್ತ ಕುಳಿತಿದ್ದ ಹುಡುಗಿಯನ್ನು "ನನ್ನಿಂದ ತೊಂದರೆ ಆಗ್ತಿದೆಯಾ?" ಎಂದು ಕೇಳಿದ್ದನಂತೆ. "ಇಲ್ಲ, ಆದರೆ ಆ ಮೇಲಿನ ತಂತಿ ಇನ್ನೂ ಇಳಿದೇ ಇದೆ" ಎಂದಿದ್ದಳಂತೆ ಅವಳು. ಆ ಒಂದು ಮಾತಿಗೇ ಮದುವೆಯಾಯಿತು ಎಂದು ಮನೆಯಲ್ಲಿ ನಗುತ್ತಿದ್ದರು.

ಮಾನ್ಯಾಳ ಕೂದಲು ಮೋಡ ಕವಿದ ದಿನ ಅಪ್ಪನ ಕೂದಲಾಗುತ್ತಿತ್ತು, ಒಣಹವೆಯಲ್ಲಿ ಅಮ್ಮನದಾಗುತ್ತಿತ್ತು. ಬಣ್ಣ ಇಬ್ಬರದೂ ಅಲ್ಲ. ಅಂಗಡಿಗಳಲ್ಲಿ ಅಪರಿಚಿತರು ಅವಳನ್ನು ಮೆಕ್ಸಿಕೊದವಳೆಂದೋ ಇಥಿಯೋಪಿಯಾದವಳೆಂದೋ ತಿಳಿದು ಅವರವರ ಭಾಷೆಯಲ್ಲಿ ಮಾತಾಡಿಸಿಬಿಡುತ್ತಿದ್ದರು.

ಹೆದ್ದಾರಿಯ ಭಯಕ್ಕೆ ಕಾರಣವಿತ್ತು. ಅವಳು ಎಂಟು ವರ್ಷದವಳಿದ್ದಾಗ ಡಾಲಸ್‌ನಲ್ಲಿ ದೀಪಾವಳಿಯ ಕಾರ್ಯಕ್ರಮವಿತ್ತು. ಅಮ್ಮನಿಗೆ ಕೆಲಸವಿದ್ದುದರಿಂದ ಅಪ್ಪನೇ ಕರೆದುಕೊಂಡು ಹೋಗಿ, ಮರುದಿನ ಬೆಳಿಗ್ಗೆ ವಾಪಸ್ ಹೊರಟಿದ್ದ. ಹಿಂದಿನ ಸೀಟಿನಲ್ಲಿ ರೇಷ್ಮೆ ಲಂಗ ತೊಟ್ಟು, ಹಣೆಗೆ ಬೊಟ್ಟು ಇಟ್ಟುಕೊಂಡು ಅವಳು ನಿದ್ದೆಹೋಗಿದ್ದಳು. ಕಣ್ಣು ಬಿಟ್ಟಾಗ ಕಾರು ನಿಂತಿತ್ತು. ಕಿಟಕಿಯಲ್ಲಿ ಒಬ್ಬ ಪೊಲೀಸನ ಮುಖವಿತ್ತು. ಕಪ್ಪು ಮನುಷ್ಯನೊಬ್ಬ ಇಂಡಿಯಾದ ಮಗುವನ್ನು ಕಾರಿನಲ್ಲಿ ಹಾಕಿಕೊಂಡು ಹೋಗುತ್ತಿದ್ದಾನೆ ಎಂದು ಯಾರೋ ಫೋನ್ ಮಾಡಿದ್ದರಂತೆ.

"ಈ ಮನುಷ್ಯ ನಿನಗೆ ಏನಾಗಬೇಕು, ಮಗು?" ಎಂದು ಅವನು ಮೆತ್ತಗೆ ಕೇಳಿದ. "ಹೆದರಬೇಡ. ನೀನು ಯಾರ ಮಗು?"

ಅವಳ ಬಾಯಿಂದ ಮಾತು ಹೊರಡಲಿಲ್ಲ. ಮತ್ತೆ ಕೇಳಿದ, ಆಗಲೂ ಹೊರಡಲಿಲ್ಲ. ಅಪ್ಪನಿಗೆ ಬೇಡಿ ಹಾಕಿ ರಸ್ತೆಯಂಚಿನ ಹುಲ್ಲಿನಲ್ಲಿ ಕೂರಿಸಿದರು. ಅಮ್ಮ ಫೋನಿಗೆ ಸಿಕ್ಕಿ, ಆಫೀಸಿನಿಂದ ಯಾರು ಯಾರೋ ಮಾತಾಡಿ, ಕೊನೆಗೆ ಬೇಡಿ ಬಿಚ್ಚುವ ಹೊತ್ತಿಗೆ ನೆರಳುಗಳೆಲ್ಲ ಗಿಡ್ಡವಾಗಿದ್ದವು. ಅಪ್ಪ ಮುಂದಿನ ಊರಿನಲ್ಲಿ ಅವಳಿಗೆ ಐಸ್‌ಕ್ರೀಮ್ ಕೊಡಿಸಿದ. ಆ ದಿನದ ಬಗ್ಗೆ ಅವನಾಗಲಿ ಅವಳಾಗಲಿ ಆಮೇಲೆ ಒಂದು ಮಾತೂ ಆಡಲಿಲ್ಲ.

ಈಗ ಅವಳಿಗೆ ಮೂವತ್ತಮೂರು. ಈ ಸಲದ ಯುಗಾದಿಗೆ ಡಾಲಸ್‌ನ ಕನ್ನಡದವರು ಒಂದು ದೊಡ್ಡ ಹಾಲ್ ಹಿಡಿದು ಊಟ ಇಟ್ಟುಕೊಂಡಿದ್ದರು. ಅಮ್ಮನ ಗೆಳತಿಯರು ಒತ್ತಾಯ ಮಾಡಿದರೆಂದು ಮಾನ್ಯಾ ಸೀರೆ ಉಟ್ಟುಕೊಂಡು ಒಬ್ಬಳೇ ಹೋದಳು. ಊಟದ ಸಾಲಿನಲ್ಲಿ ಕೋಸಂಬರಿ ಬಡಿಸುತ್ತಿದ್ದವರು ಹರ್ಷಿಣಿ ಆಂಟಿ, ಮೈಸೂರಿನ ಕಡೆಯವರು, ನಗುಮುಖದ ಹೆಂಗಸು. ಅವರು ಪಕ್ಕದವರ ಕಡೆ ತಿರುಗಿ, ಇವಳಿಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ, "ಯಾರ್ರೀ ಈ ಹುಡುಗಿ? ಸೀರೆ ಎಷ್ಟು ಚೆನ್ನಾಗಿ ಉಟ್ಟಿದಾಳೆ! ಯಾರದೋ ಮನೇಲಿ ದತ್ತು ತಗೊಂಡಿರೋ ಮಗು ಇರ್ಬೇಕು" ಎಂದರು. ಆಮೇಲೆ ಇವಳ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತ, ಇಂಗ್ಲಿಷಿನಲ್ಲಿ, ಪ್ರೀತಿಯಿಂದಲೇ ಕೇಳಿದರು: "ನೀನು ಯಾರ ಜೊತೆ ಬಂದಿದ್ದೀಯಮ್ಮಾ? ಯಾರ ಕಡೆಯವಳು?"

ಮಾನ್ಯಾ ಬಾಯಿ ತೆರೆದಳು. ಗಂಟಲಿನಲ್ಲಿ ಒಂದು ಬಾಗಿಲು ಮುಚ್ಚಿತು. ತಟ್ಟೆಯನ್ನು ಅಲ್ಲೇ ಇಟ್ಟು ಹೊರಗೆ ಬಂದು ಕಾರಿನಲ್ಲಿ ಕುಳಿತಳು. ಮರುದಿನ ಎದ್ದಾಗಲೂ ದನಿ ಬರಲಿಲ್ಲ. ಪಿಸುಮಾತು ಮಾತ್ರ ಉಳಿದಿತ್ತು. ಕಿವಿ ಕೇಳದವರ ಜೊತೆ ಪಿಸುಮಾತಿನಲ್ಲಿ ಕೆಲಸ ಮಾಡುವುದು ಹೇಗೆ? ರಜೆ ಹಾಕಿದಳು. ಗಂಟಲಿನ ವೈದ್ಯರು ಕ್ಯಾಮೆರಾ ಇಳಿಸಿ ನೋಡಿ, ಧ್ವನಿಪೆಟ್ಟಿಗೆ ಎಲ್ಲ ಸರಿಯಾಗಿದೆ, ಇದು ಬೇರೆ ಕಡೆಯಿಂದ ಬಂದಿರುವುದು ಎಂದರು. ಅವರೇ ಆಸ್ಟಿನ್‌ನ ಇನೆಸ್ ಒಕಾಡಾಳ ಹೆಸರು ಕೊಟ್ಟರು.

ಇನೆಸ್ ಮನೋಚಿಕಿತ್ಸಕಿ. ತಾಯಿ ಗಡಿಯೂರು ಲರೇಡೊದ ಮೆಕ್ಸಿಕನ್, ತಂದೆ ಜಪಾನಿ ಮೂಲದವನು. ಅವಳ ಬಳಿ ಬರುವವರೆಲ್ಲ ಹೀಗೆ ಎರಡು ಮೂರು ಜನಾಂಗಗಳ ನಡುವೆ ಹುಟ್ಟಿದವರು. ಒಬ್ಬ ವೈದ್ಯರ ಉಸ್ತುವಾರಿಯಲ್ಲಿ ಅವಳು ಕೆಟಮಿನ್ ಎಂಬ ಔಷಧ ಕೊಟ್ಟು ಚಿಕಿತ್ಸೆ ಮಾಡುತ್ತಿದ್ದಳು. ಆಪರೇಷನ್ನಿಗೆ ಮುಂಚೆ ಮೈಮರೆಸಲು ಕೊಡುವ ಔಷಧವೇ ಅದು. ಕಡಿಮೆ ಕೊಟ್ಟರೆ ಮನುಷ್ಯ ಎಚ್ಚರದಲ್ಲೇ ಕನಸಿಗೆ ಇಳಿಯುತ್ತಾನೆ. ಔಷಧ ತೆಗೆದುಕೊಂಡ ದಿನ ರೋಗಿ ಕಾರು ಓಡಿಸುವಂತಿಲ್ಲ, ಜೊತೆಗೆ ಯಾರಾದರೂ ಇರಲೇಬೇಕು.

ಮಾನ್ಯಾ ಅಮ್ಮನಿಗೆ ಫೋನ್ ಮಾಡಿ ಪಿಸುದನಿಯಲ್ಲಿ ಎಲ್ಲ ಹೇಳಿದಳು.

"ಅಮಲು ಬರೂ ಔಷಧ ಏನವಾ?" ಭಾನುಮತಿ ಗಾಬರಿಯಾದಳು. "ಅದೆಂಥಾ ದವಾಖಾನಿ? ನಿಮ್ಮಪ್ಪಗ ಹೇಳಿದ್ರ ಏನಂದಾನು!"

"ಅವ್ವಾ, ಡಾಕ್ಟರ್ ಇರ್ತಾರ. ಪ್ಲೀಸ್."

ಆಚೆ ಅಮ್ಮ ಕ್ಯಾಲೆಂಡರ್ ತಿರುವುವ ಸದ್ದು ಕೇಳಿಸಿತು. ಆಮೇಲೆ, "ಆತು. ನಾ ಬರ್ತೀನಿ. ನೀ ಬಸ್ ಹಿಡದು ಬಾ, ನಾ ಇಲ್ಲಿಂದ ಡ್ರೈವ್ ಮಾಡ್ಕೊಂಡ್ ಬರ್ತೀನಿ. ಆದ್ರ ನಾ ಹೊರಗ ಕುಂತಿರಾಕಿ, ತಿಳೀತಿಲ್ಲೋ? ಎಲ್ಲೂ ಹೋಗೂದಿಲ್ಲ."

ಹೀಗೆ ಮಗಳು ಡಾಲಸ್‌ನಿಂದ, ತಾಯಿ ಹ್ಯೂಸ್ಟನ್‌ನಿಂದ ಬಂದು ಆಸ್ಟಿನ್‌ನಲ್ಲಿ ಸೇರಿದರು. ಊರಿನ ದಕ್ಷಿಣಕ್ಕೆ, ಪೀಕನ್ ಮರದ ಕೆಳಗಿನ ಒಂದು ಹಳೆಯ ಮರದ ಮನೆ ಇನೆಸ್‌ಳ ಕ್ಲಿನಿಕ್. ಮೊದಲ ದಿನ ಔಷಧವಿಲ್ಲ, ಬರೀ ಮಾತು. ನಾಲ್ಕೈದು ಜನ ಸುತ್ತ ಕುಳಿತಿದ್ದರು. ಡ್ವೇನ್ ಎಂಬ ಎತ್ತರದ ಆಳು, ಅಪ್ಪ ಕಪ್ಪು ಸೈನಿಕ, ಅಮ್ಮ ಕೊರಿಯಾದವಳು, ತನ್ನ ಬೂಟುಗಳನ್ನೇ ನೋಡುತ್ತ ಹೇಳಿದ: "ಅಮ್ಮನ ಚರ್ಚಿನಲ್ಲಿ ಫೋಟೋ ತೆಗೆಯುವಾಗ ನನ್ನನ್ನು ಯಾವಾಗಲೂ ಸಾಲಿನ ಕೊನೆಗೆ ನಿಲ್ಲಿಸುತ್ತಿದ್ದರು. ಬೇಕಾದರೆ ಕತ್ತರಿಸಿಕೊಳ್ಳಬಹುದಲ್ಲ." ಯಾರೂ ಪಾಪ ಎನ್ನಲಿಲ್ಲ. ಎಲ್ಲರೂ ತಲೆಯಾಡಿಸಿದರು, ತಮ್ಮ ಬೀದಿಯ ಹೆಸರು ಕೇಳಿದಂತೆ. ಮಾನ್ಯಾ ಪಿಸುದನಿಯಲ್ಲಿ ಕೋಸಂಬರಿಯ ಕತೆ ಹೇಳಿದಳು. ಹೆದ್ದಾರಿಯ ಕತೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಒಳಕೋಣೆಯಲ್ಲಿ ಮಲಗಿಸಿದರು. ರಕ್ತದೊತ್ತಡ ನೋಡಿ, ತೋಳಿಗೆ ಚುಚ್ಚುಮದ್ದು ಕೊಟ್ಟು, ಕಣ್ಣಿಗೆ ಮೆತ್ತನೆಯ ಪಟ್ಟಿ ಕಟ್ಟಿದರು. ಕಿವಿಯಲ್ಲಿ ಎಲ್ಲೋ ದೂರದ ವೀಣೆಯಂಥ ನಾದ. ಇನೆಸ್ ಅವಳ ಅಂಗೈ ಮೇಲೆ ಅಂಗೈ ಇಟ್ಟು ಕುಳಿತಳು.

ಮೊದಲು ಪಾದಗಳು ಹೋದವು. ಆಮೇಲೆ ಮೊಣಕಾಲು, ಹೊಟ್ಟೆ, ತೋಳು. ನೀರಿನಲ್ಲಿ ಸಕ್ಕರೆ ಕರಗುವಂತೆ, ಯಾವ ಅವಸರವೂ ಇಲ್ಲದೆ. ಉಳಿದದ್ದು ಒಂದು ಹಳದಿ ಬೆಳಕು. ಆ ಬೆಳಕು ಹರಿಯತೊಡಗಿತು. ಅದು ಅರಿಶಿನದ ಹೊಳೆ, ಕಡಲೆಹಿಟ್ಟಿನ ಪರಿಮಳದ ಹೊಳೆ, ಮಾನ್ಯಾ ಆ ಹೊಳೆಯೇ ಆಗಿದ್ದಳು. ದಡದಲ್ಲಿ ಧಾರವಾಡದ ಅಜ್ಜಿ, ಅಮ್ಮನ ತಾಯಿ ಸುಮಿತ್ರವ್ವ ಕುಳಿತು ಸೀರೆಯ ಸೆರಗು ಸಿಕ್ಕಿಸಿಕೊಂಡು, ನೀರಿನಲ್ಲಿ ಕೈಯಾಡಿಸಿ ಏನನ್ನೋ ಹುಡುಕುತ್ತಿದ್ದಳು. ಬೊಗಸೆ ಎತ್ತಿ ನೋಡುವಳು, ಚೆಲ್ಲುವಳು, ಮತ್ತೆ ಎತ್ತುವಳು. ಹುಡುಕುತ್ತಿರುವುದು ನನ್ನನ್ನೇ, ನಾನು ಅವಳ ಬೊಗಸೆಯಲ್ಲೇ ಇದ್ದೇನೆ, ಆದರೂ ಅವಳಿಗೆ ಕಾಣುತ್ತಿಲ್ಲ ಎಂದು ಹೊಳೆಗೆ ತಿಳಿದಿತ್ತು. ಹೊಳೆಗೆ ಬಾಯಿ ಇರಲಿಲ್ಲ. ಅದು ಸುಮ್ಮನೆ ಹರಿಯಿತು, ಪೀಕನ್ ಎಲೆಗಳ ನೆರಳಿನೊಳಗೆ, ಕೋಣೆಯೊಳಗೆ, ತನ್ನದೇ ಒದ್ದೆ ಕೆನ್ನೆಗಳವರೆಗೆ.

ಆ ಸಂಜೆ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಊರ ಕೆರೆ ಕಾಣುತ್ತಿತ್ತು. ಜನ ದೋಣಿಗಳಲ್ಲಿ ನಿಂತುಕೊಂಡು ಹುಟ್ಟು ಹಾಕುತ್ತಿದ್ದರು. ಅಮ್ಮ ಮೊಸರನ್ನ ಕಲಸಿ ಕೊಟ್ಟಳು.

"ಅವ್ವಾ," ಮಾನ್ಯಾ ಪಿಸುಗುಟ್ಟಿದಳು. "ಅಜ್ಜಿ ಬಂದಾಗೆಲ್ಲ ನನ್ನ ಯಾಕ ಅಷ್ಟ್ ತಿಕ್ಕತಿದ್ಲು? ಆ ಅರಿಶಿನ ಹಚ್ಚಿ?"

"ಪ್ರೀತೀಲೆ ತಿಕ್ಕತಿದ್ಲವಾ. ಎಲ್ಲಾ ಅಜ್ಜಿಯಂದ್ರೂ…" ಭಾನುಮತಿ ಅರ್ಧಕ್ಕೆ ನಿಲ್ಲಿಸಿದಳು. ಬಟ್ಟಲನ್ನು ಕೆಳಗಿಟ್ಟಳು. "ಇಲ್ಲ. ಸುಳ್ಳ್ ಹೇಳಬಾರ್ದು ನಿನ್ನ ಮುಂದ. ಬಣ್ಣ ಬಿಡ್ತೈತೇನೋ ಅಂತ ತಿಕ್ಕತಿದ್ಲು. ನಾ ಬಚ್ಚಲ ಬಾಗಲಾಗ ನಿಂತು ನೋಡ್ತಿದ್ದೆ. ನನ್ನ ಮದಿವಿಗೇ ಬರಲಿಲ್ಲ ಆಕಿ. ವರ್ಷಗಟ್ಲೆ ಮಾತಾಡಲಿಲ್ಲ. ನೀ ಹುಟ್ಟೀದಿ ಅಂತ ಗೊತ್ತಾಗಿ ವಿಮಾನ ಹತ್ತಿ ಬಂದಾಕಿ. ಏನರ ಅಂದ್ರ ಮತ್ತ ಸಿಟ್ಟಾಗಿ ಹೋದಾಳು ಅಂತ ಅಂಜಿಕಿ ನನಗ."

"ಪ್ರೀತಿ ಇದ್ದಿಲ್ಲೇನು ಹಂಗಾರ?"

"ಇತ್ತು. ಅದೂ ಇತ್ತು, ಇದೂ ಇತ್ತು. ಆಕಿಗೆ ಎರಡೂ ಬ್ಯಾರೆ ಬ್ಯಾರೆ ಅಂತ ಗೊತ್ತ ಇದ್ದಿಲ್ಲ."

ಮಾನ್ಯಾ ಅಮ್ಮನ ತೊಡೆಯ ಮೇಲೆ ತಲೆಯಿಟ್ಟಳು. ಅಮ್ಮ ಅವಳ ಕೂದಲೊಳಗೆ ಬೆರಳಾಡಿಸಿದಳು. ಆ ದಿನ ಮೋಡವಿತ್ತು, ಕೂದಲೆಲ್ಲ ಸುರುಳಿಯಾಗಿತ್ತು. ಬಿಡಿಸಲು ಹೋಗದೆ, ಆ ಸುರುಳಿಗಳು ಹೇಗಿವೆಯೋ ಹಾಗೇ ಬೆರಳು ಸುತ್ತಿಕೊಂಡು ಕುಳಿತಳು.

ಎರಡು ದಿನ ಬಿಟ್ಟು ಇನ್ನೊಮ್ಮೆ ಔಷಧ ಕೊಟ್ಟರು. ಈ ಸಲ ಮೈ ಕರಗುವ ಮುಂಚೆಯೇ ರಸ್ತೆ ಬಂತು.

ರಸ್ತೆ ನೆಲದ ಮೇಲಿರಲಿಲ್ಲ, ಗಾಳಿಯಲ್ಲಿ ತೂಗುತ್ತಿತ್ತು. ಬಿಸಿಲು ಅದರ ಮೇಲೆ ನೀರಿನಂತೆ ಕುಣಿಯುತ್ತಿತ್ತು. ಟ್ರಕ್ಕುಗಳು ತಿಮಿಂಗಿಲಗಳಂತೆ ಸದ್ದಿಲ್ಲದೆ ತೇಲಿಹೋದವು. ಅವಳು ಕಾರಿನೊಳಗಿನ ಮಗುವಾಗಿರಲಿಲ್ಲ, ಹುಲ್ಲಾಗಿದ್ದಳು. ರಸ್ತೆಯಂಚಿನ ಒಣಹುಲ್ಲಾಗಿ ಅಪ್ಪನ ಕೆಳಗೆ, ಅಪ್ಪನ ಸುತ್ತ ಇದ್ದಳು. ಅವನ ಭಾರ ಅವಳ ಮೇಲಿತ್ತು, ಅದು ಹಿತವಾಗಿತ್ತು. ಅವನ ಬೆನ್ನ ಹಿಂದೆ ಕಟ್ಟಿದ ಕೈಗಳು ಅವಳಿಗೆ ತೀರ ಹತ್ತಿರದಲ್ಲಿದ್ದವು. ತಂತಿಗಳ ಮೇಲೆ ಆಡಿ ಆಡಿ ತುದಿ ಗಟ್ಟಿಯಾದ ಬೆರಳುಗಳು. ಅವು ನಡುಗುತ್ತಿದ್ದವು. ಪೊಲೀಸನ ನೆರಳು ಬಂದು ಬಾಗಿ, ಯಾರ ಮಗು, ಯಾರ ಮಗು ಎನ್ನುತ್ತಿತ್ತು. ಅದೇ ನೆರಳು ಸೀರೆಯುಟ್ಟುಕೊಂಡು, ಸೌಟು ಹಿಡಿದು, ಯಾರ ಕಡೆಯವಳಮ್ಮಾ ಎಂದಿತು. ಆಗ ಆ ಎಲ್ಲದರ ಅಡಿಯಿಂದ ಒಂದು ಗುನುಗು ಕೇಳಿಸಿತು. ಮುಚ್ಚಿದ ಬಾಯಿಂದ, ಒಂದೇ ಎಳೆಯಲ್ಲಿ, ಏರಿ, ಒಂದು ಮೆಟ್ಟಿಲು ಇಳಿದು, ಮತ್ತೆ ಏರುವ ಗುನುಗು. ಹುಲ್ಲೆಲ್ಲ ಅದಕ್ಕೆ ತೂಗಿತು. ನಡುಗುತ್ತಿದ್ದ ಬೆರಳುಗಳು ಮೆಲ್ಲಗೆ ನಿಂತವು.

ಕಣ್ಣಪಟ್ಟಿ ತೆಗೆದಾಗ ಇನೆಸ್ ನೀರು ಕೊಟ್ಟಳು. "ಅಪ್ಪ ಗುನುಗುತ್ತಿದ್ದ," ಮಾನ್ಯಾ ಹೇಳಿದಳು. "ಬೇಡಿ ಹಾಕಿಸಿಕೊಂಡು, ನನಗೋಸ್ಕರ. ನನಗೆ ಅದು ಮರೆತೇ ಹೋಗಿತ್ತು." ಹೇಳುವಾಗ ಪಿಸುಮಾತಿನ ನಡುವೆ ಎಲ್ಲೋ ಒಂದು ಅಕ್ಷರಕ್ಕೆ ದನಿ ತಗುಲಿತು. ಇಬ್ಬರೂ ಅದನ್ನು ಗಮನಿಸಿದರು.

ಆಮೇಲೆ ಇನೆಸ್ ಮೆಲ್ಲಗೆ ಎಚ್ಚರಿಸಿದಳು: "ಅಲ್ಲಿ ಕಂಡದ್ದೆಲ್ಲ ನಡೆದದ್ದೇ ಆಗಿರಬೇಕಿಲ್ಲ, ಮಾನ್ಯಾ. ಮನಸ್ಸು ತನಗೆ ಬೇಕಾದ್ದನ್ನೂ ಕಟ್ಟಿಕೊಡುತ್ತದೆ. ಅದನ್ನು ಸಾಕ್ಷಿ ಅಂತ ಹಿಡಿಯಬೇಡ. ಆದರೆ ಆ ದಿನ ಅಲ್ಲಿದ್ದ ಇನ್ನೊಬ್ಬರು ಬದುಕಿದ್ದಾರಲ್ಲವಾ?"

ಅಮ್ಮನ ಕಾರಿನಲ್ಲಿ ಅವತ್ತೇ ಹ್ಯೂಸ್ಟನ್‌ಗೆ ಹೊರಟರು. ಬ್ಯಾಸ್ಟ್ರಪ್‌ನ ಪೈನ್ ಮರಗಳು ಹೋದವು, ಗುಡ್ಡಗಳು ಚಪ್ಪಟೆಯಾದವು. ಔಷಧದ ಗುಂಗು ಇನ್ನೂ ಇಳಿದಿರಲಿಲ್ಲ. ಹಸುಗಳು ನಿಂತಲ್ಲೇ ಮೆಲುಕು ಹಾಕುತ್ತ ಹಿಂದೆ ಹಿಂದೆ ತೇಲಿದವು. ದಾರಿಯಲ್ಲಿ ಮಾನ್ಯಾ ತಾನು ಕಂಡದ್ದನ್ನು ಅಮ್ಮನಿಗೆ ಹೇಳಿದಳು. ಮನೆ ಸಮೀಪಿಸಿದಾಗ ಭಾನುಮತಿ ಹೇಳಿದಳು: "ಅವತ್ತ ಫೋನಿನ್ಯಾಗ ಆ ಪೊಲೀಸ ನನಗ ಕೇಳಿದ, ಈತ ನಿಮ್ಮ ಗಂಡ ಅನ್ನೂದಕ್ಕ ಏನ್ ಪುರಾವೆ ಅಂತ. ಏನ್ ಹೇಳ್ಬೇಕು ಗೊತ್ತಾಗಲಿಲ್ಲ ನನಗ. ಎಡಗೈ ಹೆಬ್ಬೆರಳಿಗೆ ಹಳೇ ಗಾಯದ ಕಲಿ ಐತಿ ನೋಡ್ರಿ ಅಂದೆ. ನೋಡಿದ್ರು. ಆಮ್ಯಾಲೆ ಬಿಟ್ರು."

ಲಾಯ್ಡ್ ಗ್ಯಾರೇಜಿನಲ್ಲಿದ್ದ. ಹಳೆಯ ಪಿಯಾನೊದ ಒಳಭಾಗವನ್ನು ಮೇಜಿನ ಮೇಲೆ ಹರವಿಕೊಂಡು, ತಂತಿಗೆ ಬಡಿಯುವ ಒಂದೊಂದೇ ಮರದ ಸುತ್ತಿಗೆಯ ಉಣ್ಣೆಯನ್ನು ಸೂಜಿಯಿಂದ ಚುಚ್ಚಿ ಮೆತ್ತಗೆ ಮಾಡುತ್ತಿದ್ದ. ಮಗಳನ್ನು ನೋಡಿ ಎದ್ದು, "ಬಾರವಾ" ಎಂದ. ಅವನಿಗೆ ಬರುತ್ತಿದ್ದ ಕೆಲವೇ ಕನ್ನಡ ಮಾತುಗಳಲ್ಲಿ ಅದೊಂದು. ಉಳಿದ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು.

ಮಾನ್ಯಾ ಸ್ಟೂಲ್ ಎಳೆದುಕೊಂಡು ಕುಳಿತಳು. "ಅಪ್ಪಾ, ಆ ದಿನ ಹೆದ್ದಾರಿಯಲ್ಲಿ… ನೀನು ಹುಲ್ಲಿನಲ್ಲಿ ಕೂತಿದ್ದಾಗ, ಗುನುಗುತ್ತಿದ್ದೆ ಅಲ್ಲವಾ? ನನ್ನನ್ನು ಸಮಾಧಾನ ಮಾಡೋದಕ್ಕೆ?"

ಅವನ ಕೈಯ ಸೂಜಿ ನಿಂತಿತು. ಇಷ್ಟು ವರ್ಷಗಳಲ್ಲಿ ಆ ದಿನದ ಹೆಸರೆತ್ತಿದ್ದು ಇದೇ ಮೊದಲು.

"ಇಲ್ಲ," ಎಂದ. "ನಾನು ಗುನುಗಲಿಲ್ಲ. ನನಗೆ ಉಸಿರಾಡೋದೇ ಕಷ್ಟವಾಗಿತ್ತು. ಕೈ ಅಲುಗಿದರೆ ಏನು ಮಾಡ್ತಾರೋ ಅಂತ ನಾನು ಕಲ್ಲಿನ ಥರ ಕೂತಿದ್ದೆ. ಗುನುಗುತ್ತಿದ್ದವಳು ನೀನು."

"ನಾನಾ? ನಾನು ಒಂದು ಮಾತೂ ಆಡಲಿಲ್ಲ."

"ಮಾತಾಡಲಿಲ್ಲ. ಕಾರಿನ ಬಾಗಿಲು ತೆರೆದಿತ್ತು. ನೀನು ನನ್ನ ಕಡೆ ನೋಡುತ್ತ, ಬಾಯಿ ಮುಚ್ಚಿಕೊಂಡು, ನಿಲ್ಲಿಸದೆ ಗುನುಗಿದೆ. ನಿನ್ನ ಅಜ್ಜಿ ಇಲ್ಲಿಗೆ ಬಂದಾಗ, ಇದೇ ತೊಲೆಗೆ ಸೀರೆ ಕಟ್ಟಿ ನಿನ್ನನ್ನು ತೂಗುತ್ತ ಹಾಡುತ್ತಿದ್ದಳಲ್ಲ, ಆ ಜೋಗುಳ. ಅದರ ಪದಗಳು ನನಗೆ ಯಾವತ್ತೂ ಗೊತ್ತಾಗಲಿಲ್ಲ. ಸ್ವರಗಳು ಗೊತ್ತು. ನೀನು ಒಂದು ಸ್ವರ ತಪ್ಪು ಹಿಡಿಯುತ್ತಿದ್ದೆ, ಪ್ರತಿ ಸಲವೂ ಅಲ್ಲೇ." ಅವನು ಮುಗುಳ್ನಕ್ಕ, ನಗು ಮುಖದಲ್ಲಿ ನಿಲ್ಲಲಿಲ್ಲ. "ನಾನು ಆ ತಪ್ಪು ಸ್ವರಕ್ಕೇ ಕಾಯುತ್ತ ಕೂತಿದ್ದೆ. ಅದು ಬಂದಾಗೆಲ್ಲ, ಸರಿ, ಇನ್ನೊಂದು ಸುತ್ತು ಆಯಿತು, ಅಂದುಕೊಳ್ಳುತ್ತಿದ್ದೆ. ಹಾಗೇ ಹೊತ್ತು ಕಳೆಯಿತು."

ಇಪ್ಪತ್ತೈದು ವರ್ಷ ಮಾನ್ಯಾ ತನ್ನನ್ನು ತಾನು ಒಂದು ಮುಚ್ಚಿದ ಬಾಯಿ ಎಂದೇ ತಿಳಿದಿದ್ದಳು.

"ಹಾಗಾದರೆ ನನ್ನ ಮೇಲೆ ಬೇಜಾರಿಲ್ಲವಾ ನಿನಗೆ? 'ಇವನು ನನ್ನ ಅಪ್ಪ' ಅಂತ ಎರಡು ಮಾತು ಹೇಳಿದ್ದರೆ ಸಾಕಿತ್ತು."

ಲಾಯ್ಡ್ ಸೂಜಿಯನ್ನು ಮೇಜಿನ ಮೇಲಿಟ್ಟ. "ನನ್ನ ಅಜ್ಜಿಯ ಬಗ್ಗೆ ನಿನಗೆ ಹೇಳಿಲ್ಲ. ಅವಳು ನೋಡೋದಕ್ಕೆ ಬಿಳಿಯವಳ ಥರವೇ ಇದ್ದಳು. ನನ್ನ ಅಪ್ಪ ನನ್ನ ಹಾಗೆ. ಅವನು ಚಿಕ್ಕವನಿದ್ದಾಗ ಇಬ್ಬರೂ ಲೂಸಿಯಾನಾದಿಂದ ಹ್ಯೂಸ್ಟನ್‌ಗೆ ರೈಲಿನಲ್ಲಿ ಬಂದರು. ಆಗಿನ ಕಾಲದಲ್ಲಿ ಕರಿಯರಿಗೆ ಬೇರೆ ಡಬ್ಬಿ, ಇವರು ಕೂತದ್ದು ಬಿಳಿಯರದರಲ್ಲಿ. ಟಿಕೆಟ್ ನೋಡುವವನು ಬಂದು ಅಜ್ಜಿಯನ್ನು ಕೇಳಿದ, ಮೇಡಮ್, ಈ ಹುಡುಗ ಯಾರು? ಅಜ್ಜಿ ಹೇಳಿದಳು, ನನ್ನ ಅಡುಗೆಯವಳ ಮಗ. ಅವನನ್ನು ಆ ಇನ್ನೊಂದು ಡಬ್ಬಿಗೆ ಕಳಿಸಿದರು. ಅಜ್ಜಿ ಸಾಯುವವರೆಗೂ ಅಪ್ಪ ಅವಳನ್ನು ಬಿಟ್ಟುಕೊಡಲಿಲ್ಲ, ನೋಡಿಕೊಂಡ. ಆದರೆ ರೈಲು ಹತ್ತಲಿಲ್ಲ ಮತ್ತೆ." ಅವನು ಮಗಳ ಮುಖ ನೋಡಿದ. "ಅವಳು ಮಾತಾಡಿದಳು, ಸುಳ್ಳು ಹೇಳಿದಳು. ನೀನು ಎಂಟು ವರ್ಷದವಳು, ನನ್ನನ್ನು ನೋಡುತ್ತ ಹಾಡಿದೆ. ನಿನ್ನ ಮೇಲೆ ಬೇಜಾರಾ? ನಿನ್ನ ಎದುರಿಗೆ ನನ್ನನ್ನು ಹಾಗೆ ಕೂರಿಸಿದರಲ್ಲ, ಆ ನಾಚಿಕೆಗೆ ನಾನು ಆ ದಿನದ ಮಾತೇ ಎತ್ತಲಿಲ್ಲ. ನಿನ್ನ ಮನೆಗೆ ಬರುವಾಗಲೆಲ್ಲ ವಿಮಾನ ಹತ್ತುತ್ತೇನೆ, ನೋಡು. ಕಾರು ಓಡಿಸಿದರೆ ಸೊಂಟ ನೋಯುತ್ತೆ ಅನ್ನುತ್ತೇನೆ. ನನ್ನ ಸೊಂಟ ಗಟ್ಟಿಯಾಗಿದೆ."

"ನಾನೂ ಹೆದ್ದಾರಿ ಹತ್ತೋದಿಲ್ಲ, ಅಪ್ಪಾ," ಮಾನ್ಯಾ ಹೇಳಿದಳು.

ಅದು ಪಿಸುಮಾತಾಗಿರಲಿಲ್ಲ. ಒಡೆದ, ಒಣಗಿದ ದನಿ, ಆದರೆ ದನಿಯೇ. ಒಳಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಭಾನುಮತಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮೂವರೂ ಅತ್ತರು, ಒಬ್ಬೊಬ್ಬರು ಒಂದೊಂದು ಕಡೆ ನೋಡುತ್ತ. ಚಹಾ ಆರಿಹೋಯಿತು.

ದನಿ ಒಮ್ಮೆಲೇ ಪೂರ್ತಿ ಬರಲಿಲ್ಲ. ಬೆಳಿಗ್ಗೆ ಇರುವುದು, ಸಂಜೆಗೆ ಹೋಗುವುದು. ಮಾನ್ಯಾ ಮತ್ತೂ ಕೆಲವು ಸಲ ಆಸ್ಟಿನ್‌ಗೆ ಹೋದಳು. ಒಂದು ಸಲ ಔಷಧದಲ್ಲಿ ಏನೂ ಕಾಣಲಿಲ್ಲ, ಬರೀ ಬೂದು ಬಣ್ಣ. ಹಾಗೂ ಆಗುತ್ತದೆ ಎಂದಳು ಇನೆಸ್. ಬೇಸಿಗೆ ಮುಗಿಯುವ ಹೊತ್ತಿಗೆ ಕೆಲಸಕ್ಕೆ ಮರಳಿದಳು. ಹರ್ಷಿಣಿ ಆಂಟಿ ಒಮ್ಮೆ ಇಂಡಿಯನ್ ಅಂಗಡಿಯಲ್ಲಿ ಸಿಕ್ಕರು. "ನಾನು ಭಾನುಮತಿಯವರ ಮಗಳು, ಆಂಟಿ. ನನಗೆ ಕನ್ನಡ ಬರ್ತದ್ರಿ," ಎಂದಳು ಮಾನ್ಯಾ. ಅವರು ಕೆಂಪಾಗಿ, "ಅಯ್ಯೋ, ಗೊತ್ತಿರ್ಲಿಲ್ವೇ" ಎಂದು ಸೊಪ್ಪು ಆರಿಸತೊಡಗಿದರು. ಅಷ್ಟೇ. ಅವರು ಕ್ಷಮೆ ಕೇಳಲಿಲ್ಲ, ಇವಳೂ ಕಾಯಲಿಲ್ಲ.

ಲಾಯ್ಡ್ ತಾನೂ ಆ ಔಷಧ ತಗೊಳ್ಳುತ್ತೇನೆ ಎಂದು ಹಟ ಹಿಡಿದ. ರಕ್ತದೊತ್ತಡ ಜಾಸ್ತಿಯಿದೆ, ಸಾಧ್ಯವಿಲ್ಲ ಎಂದು ವೈದ್ಯರು ಹೇಳಿದರು. ಹಾಗಾಗಿ ಪೀಕನ್ ಮರದ ಮನೆಯ ಮಾತಿನ ಸುತ್ತಿನಲ್ಲಿ ಮಾತ್ರ ಕುಳಿತು ಬಂದ. ಡ್ವೇನ್‌ಗೂ ಅವನಿಗೂ ಗೆಳೆತನವಾಯಿತು.

ಅಕ್ಟೋಬರಿನಲ್ಲಿ ಒಂದು ದಿನ ಮಾನ್ಯಾ ಹ್ಯೂಸ್ಟನ್‌ನಲ್ಲಿದ್ದಾಗ ಅಪ್ಪನೇ ಕೇಳಿದ: "ನಿನ್ನನ್ನು ಡಾಲಸ್‌ಗೆ ಬಿಟ್ಟು ಬರಲಾ? ಕಾರಿನಲ್ಲಿ?"

ಬೆಳಿಗ್ಗೆ ಹೊರಟರು. ಊರು ದಾಟಿದ ಮೇಲೂ ಅವನೇ ಓಡಿಸಿದ, ಎರಡೂ ಕೈ ಚಕ್ರದ ಮೇಲೆ, ಮಿತಿಗಿಂತ ನಿಧಾನ. ಅರ್ಧ ದಾರಿಗೆ, ಮ್ಯಾಡಿಸನ್‌ವಿಲ್ ಎಂಬ ಊರಿನಲ್ಲಿ ಪೆಟ್ರೋಲ್ ಹಾಕಿಸಿದ ಮೇಲೆ ಮಾನ್ಯಾ ಕೈ ಚಾಚಿದಳು, ಅವನು ಕೀ ಕೊಟ್ಟ. ಹೆದ್ದಾರಿ ಸೇರುವ ಕೂಡುದಾರಿಯಲ್ಲಿ ಅವಳು ವೇಗ ಇಳಿಸಿದಳು, ಹಿಂದಿನಿಂದ ಟ್ರಕ್ಕೊಂದು ಹಾರ್ನ್ ಮಾಡಿತು. ಅವಳು ನುಗ್ಗಿದಳು. ಹುಲ್ಲುಗಾವಲುಗಳು ಎರಡೂ ಬದಿ ತೆರೆದುಕೊಂಡವು. ಆಕಾಶದಲ್ಲಿ ಸಣ್ಣ ಸಣ್ಣ ಮೋಡಗಳು ಒಂದೇ ಎತ್ತರದಲ್ಲಿ ನಿಂತಿದ್ದವು.

ಆ ಜಾಗ ಹುಡುಕುವುದೆಂದು ಮಾತಾಡಿಕೊಂಡಿದ್ದರು. ಒಂದು ಸೇತುವೆ ದಾಟಿದ ಮೇಲೆ ಎಂದು ಅಪ್ಪ. ಇಲ್ಲ, ಸೇತುವೆಗೆ ಮುಂಚೆ, ಅಲ್ಲೊಂದು ಗಾಳಿಯಂತ್ರ ಇತ್ತು ಎಂದು ಮಗಳು. ರಸ್ತೆ ಅಗಲವಾಗಿಬಿಟ್ಟಿತ್ತು. ಹಳೆಯ ಸೇತುವೆಯ ಜಾಗದಲ್ಲಿ ಹೊಸದು, ಅದರಾಚೆ ಊರಿನಷ್ಟು ದೊಡ್ಡ ಪೆಟ್ರೋಲ್ ಬಂಕ್, ರಸ್ತೆ ಕಾಮಗಾರಿಯ ಕಿತ್ತಳೆ ಬಣ್ಣದ ಡ್ರಮ್ಮುಗಳ ಸಾಲು. ಒಂದು ಸಲ ಹಿಂದೆ ತಿರುಗಿ ಬಂದು ನೋಡಿದರು. ಎಲ್ಲ ಕಡೆಯೂ ಅದೇ ಹುಲ್ಲು, ಅದೇ ಬಿಸಿಲು.

"ಇಲ್ಲೇ ಇರಬೇಕು," ಎಂದ ಲಾಯ್ಡ್.

"ಹೋದ ಸಲವೂ ಇಲ್ಲೇ ಅಂದೆ ನೀನು."

ಕೊನೆಗೆ ಒಳರಸ್ತೆಯೊಂದಕ್ಕೆ ಇಳಿದು ಬೇಲಿಯ ಪಕ್ಕ ಕಾರು ನಿಲ್ಲಿಸಿದರು. ಬೇಲಿಯಾಚೆ ಎರಡು ಕುದುರೆಗಳು ಇವರನ್ನು ನೋಡಿ, ಆಸಕ್ತಿ ಕಳೆದುಕೊಂಡು, ಮತ್ತೆ ಮೇಯತೊಡಗಿದವು. ಲಾಯ್ಡ್ ಕಾರಿಗೊರಗಿ ಕಾಲು ಚಾಚಿದ. ಗಾಳಿ ಬೀಸಿದಾಗ ಹುಲ್ಲುಗಾವಲು ಇಡಿಯಾಗಿ ಒಂದು ಬದಿಗೆ ಮಲಗಿ, ಎದ್ದಿತು. ಹೆದ್ದಾರಿಯ ಸದ್ದು ಅಲ್ಲಿಗೆ ದೂರದ ಸಮುದ್ರದಂತೆ ಕೇಳುತ್ತಿತ್ತು.

ಅಮ್ಮನ ಫೋನ್ ಬಂತು, ಮಾನ್ಯಾ ಸ್ಪೀಕರಿಗೆ ಹಾಕಿದಳು. "ಎಲ್ಲಿ ಅದೀರಿ? ಸಿಕ್ತೇನು ಜಾಗಾ?"

"ಇಲ್ಲ ಅವ್ವಾ. ಎಲ್ಲಾ ಬದಲಾಗೇತಿ. ಗೊತ್ತಾಗವಲ್ದು."

"ಹೋಗ್ಲಿ ಬಿಡು. ಉಂಡ್ರಿಲ್ಲೋ? ಹಿಂದಿನ ಸೀಟಿನ್ಯಾಗ ಡಬ್ಬಿ ಇಟ್ಟೀನಿ, ಚಪಾತಿ, ಬದ್ನೀಕಾಯಿ ಪಲ್ಯಾ."

ಮಾನ್ಯಾ ಅಪ್ಪನ ಕಡೆ ನೋಡಿದಳು. ಲಾಯ್ಡ್ ಫೋನಿನ ಕಡೆ ಬಾಗಿ, ತನಗೆ ಬರುವ ಕನ್ನಡದಲ್ಲಿ, "ಊಟ ಆತು" ಎಂದು ಜೋರಾಗಿ ಸುಳ್ಳು ಹೇಳಿ, ಡಬ್ಬಿ ತರಲು ಹಿಂದಿನ ಬಾಗಿಲು ತೆರೆದ.